ಬಾಗಿಲಿನಿಂದ ತಿರುಗಿದ ಪತ್ರ

ಕಳಿಸಿದವರು ಪತ್ರ ಕಳಿಸಿದೆವೆನ್ನುವರು, ಪಡೆಯಬೇಕಾದವರು ಬಂದಿಲ್ಲವೆನ್ನುವರು. ಇಬ್ಬರ ಮಾತೂ ಸತ್ಯವಾಗಿರಬಹುದು! ಈಮೇಲಿನ ಲೋಕದಲ್ಲಿ ಈ ವಿಚಿತ್ರವು ಅಪರೂಪದ್ದಲ್ಲ. ಅಣ್ಣಿಗೇರಿಯ ತರುಣನೊಬ್ಬನಿಗೆ ಬೆಂಗಳೂರಿನಿಂದ ಹೊರಟ ಸಂದರ್ಶನದ ಕರೆಯು ಆತನ ‘ಸ್ಪ್ಯಾಮ್’ ಪೆಟ್ಟಿಗೆಯಲ್ಲಿ ಬಿದ್ದಿತೆಂದು ಭಾವಿಸಿರಿ. ಜಿಮೇಲಿನಲ್ಲಿ ಆ ಪೆಟ್ಟಿಗೆಯ ಪತ್ರಗಳು 30 ದಿನಗಳಾದ ಮೇಲೆ ತಾವಾಗಿಯೇ ಅಳಿದುಹೋಗುವವು. ಕರೆದವರು ಈತನನ್ನು ಉದಾಸೀನನೆಂದು ಎಣಿಸುವರು. ಈತನು ದೈವವನ್ನು ಹಳಿಯುವನು.

1978ರಲ್ಲಿ ಅಮೇರಿಕೆಯ ಗಣಕಯಂತ್ರದ ಕಂಪನಿಯೊಂದರ ಮಾರಾಟಗಾರನು ಸುಮಾರು 400 ಜನರಿಗೆ ಒಮ್ಮೆಲೆ ಜಾಹೀರಾತು ಕಳಿಸಿದಂದಿನಿಂದ ಈ ಉಪದ್ರವವು ಬೆಳೆಯುತ್ತ ಬಂದಿದೆ. ಈಗ ದ್ವಾರಪಾಲಕನಿಲ್ಲದೆ ಗತಿಯಿಲ್ಲ. ಆದರೆ ಆ ದ್ವಾರಪಾಲಕನು ಯಂತ್ರ. ಲಕ್ಷಣಗಳನ್ನು ಕಂಡು ಅನುಮಾನಿಸುವದಷ್ಟೇ ಅವನ ಕೆಲಸ. ದೂರದ ಮಂಜನ್ನು ಹೊಗೆಯೆಂದು ತಿಳಿದು ಅಲ್ಲಿ ಬೆಂಕಿಯುಂಟೆಂದು ಸಾಧಿಸುವದನ್ನು ನಮ್ಮ ತಾರ್ಕಿಕರು ಹೇತ್ವಾಭಾಸವೆಂದಿದ್ದಾರೆ. ಇಲ್ಲಿ ಆಗುವದೂ ಅದೇ.

ಅವನು ಪತ್ರದ ಒಕ್ಕಣೆಯನ್ನಷ್ಟೇ ನೋಡುವದಿಲ್ಲ. ಅದು ಬಂದ ಮೂಲವನ್ನು ಮೊದಲು ವಿಚಾರಿಸುತ್ತಾನೆ. ತನ್ನ ಹೆಸರಿನಲ್ಲಿ ಯಾವ ಯಂತ್ರಗಳು ಟಪಾಲು ಹಾಕಬಹುದೆಂಬ ಯಾದಿಯನ್ನು ಪ್ರತಿಯೊಂದು ಸಂಸ್ಥೆಯೂ ಬಹಿರಂಗವಾಗಿ ಪ್ರಕಟಿಸಬಹುದು, ಇದಕ್ಕೆ ಎಸ್.ಪಿ.ಎಫ್. ಎಂದು ಹೆಸರು. ಪತ್ರಕ್ಕೆ ಒತ್ತುವ ಗುಪ್ತಮುದ್ರೆಯು ಡಿಕಿಮ್. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂಬ ಆಜ್ಞೆಯು ಡಿಮಾರ್ಕ್. ಜಿಮೇಲಿನವರಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ಈ ಮೂರನ್ನೂ ಇಟ್ಟಿರಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ವಿಧಿಸಿತು. ಯಾಹೂ ಕೂಡ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಅಂತಹ ನಿಯಮವನ್ನೇ ತಂದಿತು. ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು. ಕುಂದಗೋಳದ ಒಂದು ಶಾಲೆಯು ಹೊಸ ಯಂತ್ರಕ್ಕೆ ಟಪಾಲನ್ನು ವರ್ಗಾಯಿಸಿ ಹಳೆಯ ಯಾದಿಯನ್ನು ಹಾಗೆಯೇ ಬಿಟ್ಟರೆ, ಅದರ ನಿರಪರಾಧಿ ಪತ್ರವೂ ಕಳ್ಳನ ವೇಷದಲ್ಲಿ ನಿಲ್ಲುತ್ತದೆ. ಒಂದು ವಿಳಾಸಕ್ಕೆ ಬಂದ ಪತ್ರವನ್ನು ಮತ್ತೊಂದಕ್ಕೆ ತಾನಾಗಿ ಸಾಗಿಸುವ ಏರ್ಪಾಡಿನಲ್ಲಿಯೂ ಇದೇ ತೊಡಕು: ನಡುವಿನ ಯಂತ್ರದ ಹೆಸರು ಮೂಲದವರ ಯಾದಿಯಲ್ಲಿರುವದಿಲ್ಲ. ಅಗ್ಗದ ಬಾಡಿಗೆಯ ಯಂತ್ರದಲ್ಲಿ ನೆರೆಯವನು ಕಸ ಕಳಿಸಿದರೆ, ಅಪಕೀರ್ತಿಯು ಎಲ್ಲ ಬಾಡಿಗೆದಾರರಿಗೂ ಅಂಟುವದು.

ಪತ್ರವು ಬಾಗಿಲಿನಿಂದಲೇ ತಿರುಗಿದರೆ ಕಳಿಸಿದವರಿಗೆ ಒಂದು ಸೂಚನೆ ಬರುತ್ತದೆ. ಅದನ್ನು ಓದದೆ ಅಳಿಸಬಾರದು. ಅದರಲ್ಲಿ ಮೂರಂಕಿಯ ಸಂಖ್ಯೆಯಿರುವದು: 4ರಿಂದ ಆರಂಭವಾದರೆ ತಾತ್ಕಾಲಿಕ ತಡೆ, ಯಂತ್ರವೇ ಪುನಃ ಯತ್ನಿಸುವದು, 550ರಂತೆ 5ರಿಂದ ಆರಂಭವಾದರೆ ಸ್ಪಷ್ಟ ನಿರಾಕರಣೆ. ವಿಳಾಸದ ಅಕ್ಷರ ತಪ್ಪಿದರೂ 5 ಬರುವದರಿಂದ ಮುಂದಿನ ವಾಕ್ಯವನ್ನೂ ನೋಡಬೇಕು. ಆ ಸೂಚನೆಯನ್ನು ಇಡಿಯಾಗಿ ಸಂಸ್ಥೆಯ ಟಪಾಲಿನ ವ್ಯವಸ್ಥೆ ನೋಡುವವರಿಗೆ ಒಪ್ಪಿಸತಕ್ಕದ್ದು. ಅದೇ ಪತ್ರವನ್ನು ಹತ್ತು ಸಲ ಕಳಿಸುವದರಿಂದ ಸಂಶಯವು ಬೆಳೆಯುವದೇ ಹೊರತು ಬಾಗಿಲು ತೆರೆಯದು.

ಪಡೆಯುವವರ ಕೈಯಲ್ಲಿರುವದು ಸ್ವಲ್ಪವೇ. ಉತ್ತರದ ನಿರೀಕ್ಷೆಯಲ್ಲಿರುವವರು ವಾರಕ್ಕೊಮ್ಮೆಯಾದರೂ ಸ್ಪ್ಯಾಮ್ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಯೋಗ್ಯ ಪತ್ರ ಕಂಡರೆ ‘ಸ್ಪ್ಯಾಮ್ ಅಲ್ಲ’ ಎಂಬ ಗುಂಡಿಯನ್ನೊತ್ತಿ, ವಿಳಾಸವನ್ನು ತಮ್ಮ ಪರಿಚಿತರ ಯಾದಿಯಲ್ಲಿ ಸೇರಿಸಬೇಕು. ಆದರೆ ಬ್ಯಾಂಕಿನ ಹೆಸರು ಹೇಳಿಕೊಂಡು ಗುಪ್ತಸಂಖ್ಯೆಯನ್ನು ಕೇಳುವ ಪತ್ರವು ಅಲ್ಲಿ ಬಿದ್ದಿದ್ದರೆ, ಹೆಸರು ಎಷ್ಟೇ ಪರಿಚಿತವಾಗಿರಲಿ, ಅದು ಅಲ್ಲಿಯೇ ಇರಲಿ.