ಗಳಿಗೆಗೊಂದು ಗುಣ: ಯಾವ ಹೆಸರು ಸರಿ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಅಲ್ಲಿ ನಿಮಗೆ ಪರಿಚಿತನಾದ ವರ್ತಕನೊಬ್ಬನಿದ್ದಾನೆಂದು ಭಾವಿಸಿರಿ. ಬೆಳಗ್ಗೆ ನಗುನಗುತ್ತ ಮಾತನಾಡಿಸಿದ. ಮಧ್ಯಾಹ್ನ ಕಾರಣವಿಲ್ಲದೆ ಸಿಡುಕಿದ. ಸಂಜೆ ತಾನಾಗಿಯೇ ಕರೆದು ಚಹಾ ತರಿಸಿಕೊಟ್ಟ. ಇಂಥವನಿಗೆ ಒಪ್ಪುವ ಹೆಸರು ಯಾವುದು?

ಮೊದಲು ನಾಲಗೆಗೆ ಬರುವುದು ‘ಚಂಚಲ’. ಆದರೆ ಚಂಚಲನೆಂದರೆ ಒಂದು ನಿರ್ಧಾರದಲ್ಲಿ ನಿಲ್ಲಲಾರದವನು. ನಮ್ಮ ವರ್ತಕನಾದರೋ ಹೇಳಿದ ಬೆಲೆಗೆ ತಪ್ಪಿದವನಲ್ಲ. ‘ಚಪಲ’ ಎಂಬುದು ಆಸೆಗೆ ಸಂಬಂಧಿಸಿದ ಮಾತು. ‘ಮುಂಗೋಪಿ’ ಎಂದರೆ ಮಧ್ಯಾಹ್ನದ ಸಿಡುಕು ತಿಳಿದೀತು, ಸಂಜೆಯ ಚಹಾ ಬಿಟ್ಟುಹೋದೀತು. ‘ಗೋಸುಂಬೆ’ ಎನ್ನುವುದಂತೂ ಅನ್ಯಾಯ. ಲಾಭಕ್ಕಾಗಿ ಬೇಕೆಂದೇ ಬಣ್ಣ ಬದಲಿಸುವವನಿಗೆ ಸಲ್ಲುವ ಹೆಸರದು.

ನೆರೆಯ ತೆಲುಗರು ‘ಪೂಟಕೋ ಮಾಟ’ ಎನ್ನುತ್ತಾರೆ. ಅದು ಹೊತ್ತಿಗೊಂದು ಮಾತಾಡುವವನ ಮೇಲಿನ ದೂರು. ಉರ್ದುವಿನ ‘ಮುತಲವ್ವಿನ್ ಮಿಜಾಜ್’ ಎಂದರೆ ಬಣ್ಣ ಬದಲಿಸುವ ಸ್ವಭಾವ. ಇದು ನಮ್ಮ ಉದ್ದೇಶಕ್ಕೆ ಹೆಚ್ಚು ಹತ್ತಿರ. ಕನ್ನಡದಲ್ಲಿ ‘ಕ್ಷಣಚಿತ್ತ ಕ್ಷಣಪಿತ್ತ’ ಎಂಬ ನುಡಿಯುಂಟು. ‘ಗಳಿಗೆಗೊಂದು ಗುಣ’ ಎಂಬುದೂ ಉಂಟು. ಒಂದು ಗಳಿಗೆಯೆಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಇವೆರಡರಲ್ಲೂ ಕೊಂಚ ಚುಚ್ಚುವ ಗುಣವಿದೆ. ನೋಯಿಸದೆ ಹೇಳಬೇಕಾದರೆ ‘ಲಹರಿಯ ಮನುಷ್ಯ’ ಎನ್ನಬಹುದು. ಲಹರಿಯೆಂದರೆ ಅಲೆ, ಏರುವುದೂ ಇಳಿಯುವುದೂ ಅದರ ಧರ್ಮ.

ಹೀಗೆ, ಹೆಸರಿಡುವ ಮುನ್ನ ಬದಲಾಗುತ್ತಿರುವುದು ಮಾತೋ ಮನಸ್ಸೋ ಎಂದು ನೋಡಬೇಕು. ‘ಕೌಲು’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಅರಬ್ಬಿಯಲ್ಲಿ ಅದಕ್ಕೆ ‘ಮಾತು’ ಎಂದೇ ಅರ್ಥ. ನಮ್ಮಲ್ಲಿ ಅದು ಕರಾರು, ಒಪ್ಪಂದ ಎಂದಾಯಿತು. ಲಹರಿ ಹೊತ್ತಿಗೊಮ್ಮೆ ತಿರುಗಿದರೂ ಕೌಲಿಗೆ ತಪ್ಪದವರು ಎಷ್ಟೋ ಮಂದಿ ಇದ್ದಾರೆ. ಅವರನ್ನು ನಂಬಿಕೆಗೆ ಅರ್ಹರಲ್ಲವೆಂದು ಎಣಿಸುವುದು ತಪ್ಪು.

ಇನ್ನೆರಡು ಮಾತುಗಳನ್ನು ಎಚ್ಚರದಿಂದ ಬಳಸತಕ್ಕದ್ದು. ‘ತಿಕ್ಕಲು’ ಎಂಬುದು ಬರಿಯ ಬೈಗುಳ. ಈಚೆಗೆ ಸಿಡುಕುವವರಿಗೆಲ್ಲ ‘ಬೈಪೋಲಾರ್’ ಎನ್ನುವ ರೂಢಿಯೂ ಬೆಳೆದಿದೆ. ಅದು ವೈದ್ಯರು ಪರೀಕ್ಷಿಸಿ ಹೇಳಬೇಕಾದ ಕಾಯಿಲೆಯ ಹೆಸರು. ಅದರಲ್ಲಿ ಉಬ್ಬರ ಸಾಮಾನ್ಯವಾಗಿ ದಿನಗಟ್ಟಲೆ, ಖಿನ್ನತೆ ವಾರಗಟ್ಟಲೆ ನಿಲ್ಲುತ್ತದೆ. ಉಬ್ಬರದಲ್ಲಿ ನಿದ್ದೆಗೆಟ್ಟರೂ ದಣಿವು ತೋರದು, ಖರ್ಚು ಕೈಮೀರಬಹುದು. ಗಳಿಗೆಗೊಮ್ಮೆ ಮುನಿದು ನಗುವುದಷ್ಟೇ ಆ ಕಾಯಿಲೆಯ ಗುರುತಲ್ಲ.

ಮನೆಯಲ್ಲಿ ಯಾರಿಗಾದರೂ ಇಂಥ ಸ್ಥಿತಿ ಮುಂದುವರಿದರೆ, ಇಲ್ಲವೆ ಬದುಕೇ ಬೇಡವೆಂಬ ಮಾತು ಬಂದರೆ, ಹೆಸರು ಹುಡುಕುತ್ತ ಕೂರದೆ ವೈದ್ಯರನ್ನು ಕಾಣಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಉಳಿದ ದಿನಗಳಲ್ಲಿ “ನೀನು ಇಂಥವನು” ಎನ್ನುವುದಕ್ಕಿಂತ “ಇವತ್ತು ಮನಸ್ಸು ಸರಿಯಿಲ್ಲವೇನಪ್ಪ?” ಎಂದು ಕೇಳುವುದು ಮೇಲು. ಮೊದಲಿನದು ಅವನಿಗೆ ಮುದ್ರೆಯೊತ್ತಿ ಬಾಯಿ ಕಟ್ಟುತ್ತದೆ. ಎರಡನೆಯದಕ್ಕೆ ಅವನು ಉತ್ತರ ಕೊಡಬಹುದು.