ಮಕ್ಕಳಲ್ಲಿ ಖಿನ್ನತೆ ಮತ್ತು ಬೈಪೋಲಾರ್ ವ್ಯಾಧಿ

ಶರೀರದಂತೆ ಮನಸ್ಸೂ ವ್ಯಾಧಿಗಳಿಗೆ ಆಶ್ರಯಸ್ಥಾನವೆಂದು ಆಯುರ್ವೇದವು ಸಾರಿದೆ. ಮಕ್ಕಳೂ ಇದಕ್ಕೆ ಹೊರತಲ್ಲ. ಆದರೆ ಅವರ ಖಿನ್ನತೆ ದುಃಖದ ರೂಪದಲ್ಲೇ ಕಾಣಿಸಬೇಕೆಂದಿಲ್ಲ. ಮಗು ಮಾತುಮಾತಿಗೆ ಸಿಡುಕಬಹುದು, ಹೊಟ್ಟೆನೋವು, ತಲೆನೋವು ಎನ್ನಬಹುದು, ಶಾಲೆಗೆ ಒಲ್ಲೆನೆನ್ನಬಹುದು, ಮೆಚ್ಚಿನ ಆಟವನ್ನೂ ಬಿಡಬಹುದು. ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುತ್ತವೆ. ಇಂತಹ ಬದಲಾವಣೆ 2 ವಾರಗಳವರೆಗೆ ಬಹುತೇಕ ಪ್ರತಿದಿನವೂ ಉಳಿದರೆ, ಅದನ್ನು ಹಠವೆಂದೋ ಸೋಮಾರಿತನವೆಂದೋ ಗದರಿಸದೆ ವೈದ್ಯರಿಗೆ ತೋರಿಸಬೇಕು.

ಬೈಪೋಲಾರ್ ವ್ಯಾಧಿಯಲ್ಲಿ ಖಿನ್ನತೆಯ ಜೊತೆಗೆ ಮೇನಿಯಾ ಎಂಬ ಉನ್ಮಾದಾವಸ್ಥೆಯೂ ಬಂದುಹೋಗುತ್ತದೆ. ಎಳೆಯ ಮಕ್ಕಳಲ್ಲಿ ಇದು ವಿರಳ. ಹದಿಹರೆಯದ ಕೊನೆಯಲ್ಲಿ ಹಾಗೂ ತಾರುಣ್ಯದ ಆರಂಭದಲ್ಲಿ ಹೆಚ್ಚಾಗಿ ಪ್ರಕಟವಾಗುತ್ತದೆ. ಇದರ ಮುಖ್ಯ ಗುರುತು ನಿದ್ರೆ: ಮೂರು ನಾಲ್ಕು ತಾಸು ಮಲಗಿದರೂ ದಣಿವೇ ಇರದು. ಎಡೆಬಿಡದ ಮಾತು, ಅತಿಯಾದ ಉತ್ಸಾಹ ಅಥವಾ ಕೋಪ, ಶಕ್ತಿ ಮೀರಿದ ಯೋಜನೆಗಳು ಹಲವು ದಿನ ಮುಂದುವರಿಯುತ್ತವೆ. ಒಂದೇ ದಿನದಲ್ಲಿ ಅತ್ತು ನಕ್ಕ ಮಾತ್ರಕ್ಕೆ ಈ ವ್ಯಾಧಿಯೆಂದು ನಿರ್ಣಯಿಸಲಾಗದು.

ಈ ಭೇದವನ್ನರಿಯುವುದು ಚಿಕಿತ್ಸೆಗೆ ಅತ್ಯವಶ್ಯ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದು. ಆದುದರಿಂದ ಮಗುವಿನಲ್ಲಿ ಹಿಂದೆ ಕಂಡ ಅತ್ಯುತ್ಸಾಹದ ದಿನಗಳನ್ನೂ ವಂಶದಲ್ಲಿರುವ ಮನೋವ್ಯಾಧಿಯನ್ನೂ ವೈದ್ಯರಲ್ಲಿ ಮುಚ್ಚಿಡಬಾರದು.

ಚರಕ ಸಂಹಿತೆಯು ವಿಷಾದವನ್ನು ರೋಗವರ್ಧಕಗಳಲ್ಲಿ ಪ್ರಧಾನವೆಂದು ಗಣಿಸಿದೆ. ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದೆಗೆಯುವ ಸತ್ತ್ವಾವಜಯ ಚಿಕಿತ್ಸೆಯನ್ನೂ ಹೇಳಿದೆ. ನಿಯತ ನಿದ್ರೆ, ಹಿತವಾದ ಆಹಾರ, ಮನೆಯವರ ಮೃದುನುಡಿ ಇಂದಿಗೂ ಪಥ್ಯವೇ. ಇಷ್ಟಲಿಂಗ ಪೂಜೆಯೂ ಮನಸ್ಸಿಗೆ ಆಸರೆಯಾಗಬಲ್ಲದು. ಆದರೆ ಬ್ರಾಹ್ಮೀ ಘೃತವನ್ನೋ ಪೂಜೆಯನ್ನೋ ನಂಬಿ ಮನೋವೈದ್ಯರ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ. ಲಿಥಿಯಂ ಸೇವಿಸುವ ಮಕ್ಕಳಿಗೆ ನಿಯಮಿತ ರಕ್ತಪರೀಕ್ಷೆ ಬೇಕು. ಮೂತ್ರ ಹೆಚ್ಚಿಸುವ ಕಷಾಯಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು, ರಕ್ತದಲ್ಲಿ ಲಿಥಿಯಂ ವಿಷಮಟ್ಟಕ್ಕೇರಬಹುದು.

"ನಾನಿರಬಾರದಿತ್ತು" ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹಗುರವಾಗಿ ಕಾಣಬೇಡಿ. "ಸಾಯಬೇಕೆನಿಸುತ್ತಿದೆಯೇ?" ಎಂದು ನೇರವಾಗಿ, ಪ್ರೀತಿಯಿಂದ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುವುದೆಂಬ ಭಯ ಬೇಡ. ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳನ್ನು ದೂರವಿಟ್ಟು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಮನೆಯ ಹಿರಿಯರೂ ಪ್ರಸಾದ ನಿಲಯಗಳನ್ನು ನೋಡಿಕೊಳ್ಳುವವರೂ ಈ ಲಕ್ಷಣಗಳನ್ನು ಅರಿತಿರಲಿ. ಸಕಾಲದಲ್ಲಿ ಚಿಕಿತ್ಸೆ ದೊರೆತ ಮಗು ಓದಿಗೂ ಆಟಕ್ಕೂ ಮರಳಬಲ್ಲದು.