ಬರಲಾರದ ಆಪತ್ತಿಗೂ ತಾಲೀಮು ಬೇಕೇ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್‌ಪೋರ್ಟ್‌ನಲ್ಲಿ ಒಂದು ಎತ್ತರದ ಕಟ್ಟಡವಿದೆ. ದಶಕಗಳ ಕಾಲ ಅದರೊಳಗೆ ಮಹಡಿಗಳ ಬದಲು ಮೂವತ್ತು ಮೀಟರ್ ನೀರು ತುಂಬಿತ್ತು. ಬ್ರಿಟನ್ನಿನ ಜಲಾಂತರ್ಗಾಮಿ ನೌಕೆಗಳ ಸಿಬ್ಬಂದಿ 1950ರ ದಶಕದಿಂದ ಅಲ್ಲಿಗೆ ಬರುತ್ತಿದ್ದುದು ಒಂದೇ ವಿದ್ಯೆ ಕಲಿಯಲು: ನೌಕೆ ತಳ ಸೇರಿದರೆ ಅದರಿಂದ ಹೊರಬಿದ್ದು ನೀರಿನ ಮೇಲಕ್ಕೆ ಬರುವುದು ಹೇಗೆ? 2009ರಲ್ಲಿ ನೌಕಾಪಡೆ ಈ ಒತ್ತಡದಡಿಯ ಏರಿಕೆಯ ತರಬೇತಿಯನ್ನು ನಿಲ್ಲಿಸಿಬಿಟ್ಟಿತು. ಅಂಥ ಪ್ರಸಂಗ ಒದಗುವುದು ತೀರಾ ಅಪರೂಪ, ಆದರೆ ತರಬೇತಿಯಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗುವ ಅಪಾಯ ಪ್ರತಿ ಸಲವೂ ಇದ್ದೇ ಇರುತ್ತದೆ. ಲಾಭ ನಷ್ಟ ತೂಗಿ ನೋಡಿದಾಗ ತಕ್ಕಡಿ ನಷ್ಟದ ಕಡೆಗೇ ವಾಲಿತು.

ಹವ್ಯಾಸಕ್ಕಾಗಿ ಸ್ಕೂಬಾ ಡೈವಿಂಗ್ ಮಾಡುವವರಲ್ಲೂ ಇದೇ ಚರ್ಚೆ ಹಳೆಯದು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವವರಿರಲಿ, ಅಂಡಮಾನಿನಲ್ಲಿ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದವರಿರಲಿ, ಬಹುಪಾಲು ಮಂದಿಗೆ ನೀರಿನಡಿ ಯಾವ ಆಪತ್ತೂ ಎದುರಾಗುವುದಿಲ್ಲ. ಹಾಗಿದ್ದ ಮೇಲೆ ಗಾಳಿ ನಿಂತುಹೋದರೆ, ಮಾಸ್ಕ್ ಕಳಚಿಬಿದ್ದರೆ, ಮುಳುಗಲೆಂದು ಕಟ್ಟಿಕೊಂಡ ತೂಕದ ಬೆಲ್ಟ್ ಬಿಸಾಡಬೇಕಾಗಿ ಬಂದರೆ ಏನು ಮಾಡಬೇಕೆಂದು ಮತ್ತೆ ಮತ್ತೆ ಅಭ್ಯಾಸ ಮಾಡುತ್ತ ಕೂರಬೇಕೆ?

ಮೊದಲು ಅಂಕಿಗಳನ್ನು ನೋಡೋಣ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯಲ್ಲಿ ವಿಮೆ ಮಾಡಿಸಿದ್ದವರ ಲೆಕ್ಕದ ಪ್ರಕಾರ 2000ದಿಂದ 2006ರವರೆಗೆ ವರ್ಷಕ್ಕೆ ಲಕ್ಷ ಡೈವರ್‌ಗಳಲ್ಲಿ ಸುಮಾರು 16 ಮಂದಿ ಸತ್ತರು. ಅದರಲ್ಲೂ ಗಣನೀಯ ಪಾಲು ಹೃದಯದ ತೊಂದರೆಯದು. ಅಪಾಯ ಕಡಿಮೆ ಎಂಬ ಮಾತು ಸುಳ್ಳಲ್ಲ. ಆದರೆ ಅದೇ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿ, ಪ್ರತಿಯೊಂದನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಿದರು. ಮೊದಲ ಎಡವಟ್ಟು ಯಾವುದೆಂದು ಗೊತ್ತಾದ ಪ್ರಕರಣಗಳಲ್ಲಿ ಶೇ. 41ರಷ್ಟು ಶುರುವಾದದ್ದು ಗಾಳಿ ಸಾಲದೆ ಹೋದದ್ದರಿಂದ. ಬಲೆ, ಹಗ್ಗ, ಗುಹೆಗಳಲ್ಲಿ ಸಿಕ್ಕಿಹಾಕಿಕೊಂಡದ್ದು ಶೇ. 20. ಉಪಕರಣದ ತೊಂದರೆ ಶೇ. 15 ಮಾತ್ರ. ಇದಕ್ಕಿಂತ ಮುಖ್ಯವಾದದ್ದು ಎರಡನೆಯ ಹೆಜ್ಜೆ. ತೊಂದರೆಯನ್ನು ಪ್ರಾಣಾಪಾಯಕ್ಕೆ ತಿರುಗಿಸಿದ ಸಂಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತುರ್ತಾಗಿ ಮೇಲಕ್ಕೆ ಏರಿದ ಪ್ರಸಂಗಗಳು. ಬಹಳಷ್ಟು ಡೈವರ್‌ಗಳನ್ನು ಕೊಂದದ್ದು ತೊಂದರೆಯಲ್ಲ, ತೊಂದರೆ ಬಂದಾಗ ಅವರು ಮಾಡಿದ ಕೆಲಸ.

ಮೇಲಕ್ಕೆ ಓಡುವುದು ಯಾಕೆ ಅಷ್ಟು ಅಪಾಯ? ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಕೂಡುತ್ತದೆ. ಒತ್ತಡ ಕಡಿಮೆಯಾದಂತೆ ಅನಿಲ ಹಿಗ್ಗುತ್ತದೆ ಎಂಬುದು ಹದಿನೇಳನೆಯ ಶತಮಾನದಲ್ಲೇ ರಾಬರ್ಟ್ ಬಾಯ್ಲ್ ತೋರಿಸಿಕೊಟ್ಟ ನಿಯಮ. ಹತ್ತು ಮೀಟರ್ ಆಳದಲ್ಲಿ ಐದು ಲೀಟರ್ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿಗೆ ಹತ್ತು ಲೀಟರ್ ಜಾಗ ಬೇಕು. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಎದೆ ತುಂಬ ಗಾಳಿ ಹಿಡಿದುಕೊಂಡು ಕೇವಲ ಒಂದೂಕಾಲು ಮೀಟರ್ ಮೇಲೇರಿದರೂ ಗಾಳಿಗೂಡುಗಳು ಹರಿಯಬಹುದು. ಹರಿದ ಕಡೆಯಿಂದ ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿನ ನಾಳವನ್ನು ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. "ಎಂದೂ ಉಸಿರು ಹಿಡಿಯಬೇಡಿ" ಎಂಬುದು ಡೈವಿಂಗ್‌ನ ಮೊದಲ ಪಾಠವಾಗಿರುವುದು ಇದಕ್ಕೇ.

ಇನ್ನು ಗಾಳಿ ಮುಗಿಯುವ ವಿಚಾರ. ಉಸಿರಾಟದ ಸಾಧನವಾದ ರೆಗ್ಯುಲೇಟರನ್ನು ಕೆಟ್ಟರೂ ಗಾಳಿ ನಿಲ್ಲದಂತೆ, ಒಂದೇ ಸಮ ಸುರಿಯುವಂತೆ ರಚಿಸಿರುತ್ತಾರೆ. ಹಾಗಾಗಿ ಅದು ಥಟ್ಟನೆ ಕೈಕೊಡುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಉಳಿದ ಗಾಳಿಯನ್ನು ತೋರಿಸುವ ಗೇಜ್ ನೋಡುವುದನ್ನು ಮರೆಯುವುದು. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಸುಮಾರು 2,400 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಇಪ್ಪತ್ತು ಮೀಟರ್ ಆಳದಲ್ಲಿ 60 ಲೀಟರ್ ಖರ್ಚು ಮಾಡುತ್ತಾರೆ. ಸಿಲಿಂಡರ್ ಪೂರ್ತಿ ಬರಿದಾಗಲು ನಲವತ್ತು ನಿಮಿಷ ಸಾಕು. ಹೆದರಿ ಏದುಸಿರು ಬಿಡತೊಡಗಿದರೆ ಅದರ ಅರ್ಧ. ಗಾಳಿ ಮುಗಿಯುವುದು ದೈವದ ಆಟವಲ್ಲ, ಗುಣಾಕಾರ ಭಾಗಾಕಾರ.

"ಅಪರೂಪ" ಎಂಬ ಮಾತೇ ಮೋಸ ಮಾಡಬಲ್ಲದು. ಒಂದು ತೊಂದರೆ ಸಾವಿರ ಡೈವಿಗೊಮ್ಮೆ ಬರುತ್ತದೆ ಎಂದುಕೊಳ್ಳಿ. ಒಂದು ಡೈವಿನ ಮಟ್ಟಿಗೆ ಅದು ನಗಣ್ಯ. ಆದರೆ ಮುನ್ನೂರು ಡೈವ್ ಮಾಡುವವರಿಗೆ ಅದು ಒಮ್ಮೆಯಾದರೂ ಎದುರಾಗುವ ಸಂಭವ ಶೇ. 26. ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಇಂಥ ಅಪರೂಪದ ತೊಂದರೆಗಳು ಹತ್ತು ಹಲವು ಇರುವಾಗ ಅವುಗಳಲ್ಲಿ ಯಾವುದಾದರೊಂದು ಎದುರಾಗುವ ಸಂಭವ ಇನ್ನೂ ಹೆಚ್ಚು.

ಪುಸ್ತಕದಲ್ಲಿ ಓದಿದ್ದರೆ ಸಾಲದೆ? ಸಾಲದು ಎನ್ನುತ್ತದೆ ಮನೋವಿಜ್ಞಾನ. ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ 1966ರಲ್ಲಿ ಡೈವರ್‌ಗಳಿಗೆ ಸ್ಕ್ರೂಗಳನ್ನು ಒಂದು ಕಡೆಯಿಂದ ಬಿಚ್ಚಿ ಇನ್ನೊಂದು ಕಡೆ ಕೂರಿಸುವ ಕೆಲಸ ಕೊಟ್ಟರು. ನೆಲದ ಮೇಲಿನ ಒತ್ತಡ ಕೋಣೆಯಲ್ಲಿ ಅವರ ಕೈ ತುಸು ನಿಧಾನವಾಯಿತು. ಅಷ್ಟೇ ಒತ್ತಡವಿರುವ ತೆರೆದ ಸಮುದ್ರದಲ್ಲಿ ತೀರಾ ನಿಧಾನವಾಯಿತು. ಆತಂಕವೂ ಇದಕ್ಕೊಂದು ಕಾರಣ ಎಂಬ ವಿವರಣೆ ಅಲ್ಲಿಂದ ಬಲವಾಯಿತು. ನೀರಿನಡಿ ಕಲಿತ ಪದಗಳು ನೀರಿನಡಿಯೇ ಚೆನ್ನಾಗಿ ನೆನಪಾಗುತ್ತವೆ ಎಂದು 1975ರಲ್ಲಿ ಸಂಶೋಧಕ ಗಾಡನ್ ಜೊತೆಗೂಡಿ ಬ್ಯಾಡ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಪ್ರಸಿದ್ಧ. ಆದರೆ 2021ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಆ ಪ್ರಯೋಗದ ಮೇಲೆ ಹೆಚ್ಚು ಭಾರ ಹಾಕದಿರುವುದೇ ಒಳ್ಳೆಯದು. ಭಯದಲ್ಲಿ ಯೋಚನೆ ಕುಗ್ಗುತ್ತದೆ, ಆಗ ಕೈಹಿಡಿಯುವುದು ದೇಹಕ್ಕೆ ಒಗ್ಗಿಹೋದ ಚಲನೆ ಎಂಬುದು ಮಾತ್ರ ಆ ಪ್ರಯೋಗದ ಆಸರೆಯಿಲ್ಲದೆಯೂ ನಿಲ್ಲುವ ಸತ್ಯ.

ಆ ಒಗ್ಗುವಿಕೆ ಸೈಕಲ್ ಸವಾರಿಯಂತೆ ಕಲಿತ ಮೇಲೆ ಮರೆಯದಂಥದ್ದಲ್ಲ. ಹಿಂದೆ ಒಂದೇ ರೆಗ್ಯುಲೇಟರಿನಿಂದ ಇಬ್ಬರು ಸರದಿಯಂತೆ ಉಸಿರಾಡುವುದನ್ನು ಎಲ್ಲರಿಗೂ ಕಲಿಸುತ್ತಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೆನ್ ಎಗ್‌ಸ್ಟ್ರಾಮ್ ಅದನ್ನು ಪರೀಕ್ಷಿಸಿ ನೋಡಿದರು. ತಪ್ಪಿಲ್ಲದೆ ಮಾಡಲು ಜೋಡಿಗೆ ಇಪ್ಪತ್ತರ ಆಸುಪಾಸಿನಷ್ಟು ಯಶಸ್ವಿ ಪ್ರಯತ್ನಗಳು ಬೇಕಾದವು. ಮೂರು ತಿಂಗಳು ಬಿಟ್ಟರೆ ಮತ್ತೆ ತಪ್ಪುಗಳು ಶುರುವಾದವು. ಕೋರ್ಸಿನಲ್ಲಿ ಎರಡು ಮೂರು ಸಲ ಮಾಡಿ ಮುಗಿಸಿದವರಿಗೆ ನಿಜವಾದ ಆಪತ್ತಿನಲ್ಲಿ ಅದು ಒದಗುವಂತೆಯೇ ಇರಲಿಲ್ಲ. ಇದಕ್ಕೆ ಸಿಕ್ಕ ಪರಿಹಾರ ಇನ್ನಷ್ಟು ತಾಲೀಮಲ್ಲ, ಸಲಕರಣೆಯ ಬದಲಾವಣೆ. ಪ್ರತಿಯೊಬ್ಬ ಡೈವರ್ ಬಳಿಯೂ ಹಳದಿ ಬಣ್ಣದ ಒಂದು ಹೆಚ್ಚುವರಿ ರೆಗ್ಯುಲೇಟರ್ ಇರುವುದು ರೂಢಿಯಾಯಿತು. ಡೈವರ್‌ಗಳು ಅದನ್ನು ಆಕ್ಟೋಪಸ್ ಎನ್ನುತ್ತಾರೆ. ಗಾಳಿ ಮುಗಿದವರು ಜೊತೆಗಾರರ ಆಕ್ಟೋಪಸ್ ಬಾಯಿಗಿಟ್ಟುಕೊಂಡರಾಯಿತು. ಹಳೆಯ ಕಸರತ್ತು ಕ್ರಮೇಣ ಪಾಠಪಟ್ಟಿಗಳಿಂದ ಜಾರಿಹೋಯಿತು.

ಇನ್ನೊಂದು ತುದಿಯಲ್ಲಿರುವುದು ತುರ್ತು ಏರಿಕೆಯ ಅಭ್ಯಾಸ. ಗಾಳಿಯೂ ಇಲ್ಲ, ಜೊತೆಗಾರರೂ ಹತ್ತಿರವಿಲ್ಲ ಎಂಬಾಗ ಉಸಿರು ಬಿಡುತ್ತಲೇ ಮೇಲೇರಬೇಕು. ಬೆಲ್ಜಿಯಂನ ವೈದ್ಯರು ಸುಮಾರು ಹತ್ತು ವರ್ಷಗಳ ಪ್ರಕರಣಗಳನ್ನು ಪರಿಶೀಲಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಇಂಥ ಏರಿಕೆ ಸೇರಿದ ತರಬೇತಿ ಡೈವಿನಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗುವ ಅಪಾಯ ಸಾಮಾನ್ಯ ಡೈವಿಗಿಂತ ನೂರಾರು ಪಟ್ಟು ಹೆಚ್ಚು ಎಂದು ಅದು ಹೇಳಿತು. ಮೂಲ ಅಪಾಯವೇ ಅತ್ಯಲ್ಪವಾದ್ದರಿಂದ ನೂರಾರು ಪಟ್ಟು ಎಂದರೂ ಪ್ರತಿ ಏರಿಕೆಯೂ ದುರಂತವೇನಲ್ಲ. ಆದರೆ ಆಪತ್ತಿನಿಂದ ಕಾಯಬೇಕಾದ ಅಭ್ಯಾಸವೇ ಆಪತ್ತು ತರಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗಾಗಿ "ಈ ತೊಂದರೆ ಬರುವ ಸಂಭವ ಎಷ್ಟು?" ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡರೆ ದಾರಿ ತಪ್ಪುತ್ತೇವೆ. ಇನ್ನೂ ಮೂರನ್ನು ಕೇಳಿಕೊಳ್ಳಬೇಕು. ತೊಂದರೆ ಬಂದಾಗ ಯೋಚಿಸಲು ಸಮಯ ಸಿಗುತ್ತದೆಯೆ? ಕಲಿತ ವಿದ್ಯೆ ಬೇಗ ಮಾಸಿಹೋಗುತ್ತದೆಯೆ? ಅಭ್ಯಾಸಕ್ಕೇ ತೆರಬೇಕಾದ ಬೆಲೆ ಎಷ್ಟು?

ಮಾಸ್ಕಿನೊಳಗೆ ಬಂದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ತಡಕಿ ಹಿಡಿಯುವುದು, ಜೊತೆಗಾರರ ಆಕ್ಟೋಪಸ್ ಪಡೆದು ಇಬ್ಬರೂ ನಿಧಾನವಾಗಿ ಮೇಲೇರುವುದು: ಇವುಗಳಿಗೆ ಸಿಗುವ ಸಮಯ ಸೆಕೆಂಡುಗಳ ಲೆಕ್ಕದ್ದು. ಬಿಟ್ಟರೆ ಮರೆಯುತ್ತವೆ, ಅಭ್ಯಾಸಕ್ಕೆ ಆಳವಿಲ್ಲದ ನೀರು ಸಾಕು. ಇವನ್ನು ಪ್ರತಿ ಪ್ರವಾಸದ ಮೊದಲ ಡೈವಿನಲ್ಲೇ ಮಾಡಬೇಕು. ಮುಖಕ್ಕೆ ನೀರು ತಗುಲಿದರೂ ಶಾಂತವಾಗಿ ಉಸಿರಾಡಬಲ್ಲವರಿಗೆ ಮಾಸ್ಕಿನ ಪಟ್ಟಿ ಹರಿದಾಗ ಮಾತ್ರವಲ್ಲ, ಯಾರೂ ಊಹಿಸದ ತೊಂದರೆಯಲ್ಲೂ ಆ ಶಾಂತಿ ಕೆಲಸಕ್ಕೆ ಬರುತ್ತದೆ. ಅಪರೂಪದ ಆಪತ್ತುಗಳು ನೂರಿರಬಹುದು, ಅವಕ್ಕೆ ಬೇಕಾದ ಮೂಲ ವಿದ್ಯೆಗಳು ಬೆರಳೆಣಿಕೆಯವು.

ತೂಕದ ಬೆಲ್ಟಿನ ಕಥೆಯೂ ಇಲ್ಲೇ ಬರುತ್ತದೆ. ನೀರಿನ ಮೇಲೆ ತೇಲಲಾಗದೆ ಒದ್ದಾಡುವವರು ಬಕಲ್ ಬಿಚ್ಚಿ ಅದನ್ನು ಬೀಳಿಸಿದರೆ ತಾವಾಗಿಯೇ ತೇಲುತ್ತಾರೆ. ಆದರೂ ಸತ್ತ ಡೈವರ್‌ಗಳಲ್ಲಿ ಬಹುಪಾಲು ಮಂದಿಯ ಸೊಂಟದಲ್ಲಿ ಬೆಲ್ಟ್ ಹಾಗೆಯೇ ಇರುತ್ತದೆ ಎಂದು ಅಪಘಾತ ವರದಿಗಳು ಮತ್ತೆ ಮತ್ತೆ ಹೇಳುತ್ತವೆ. ಬಿಚ್ಚುವುದು ಗೊತ್ತಿರಲಿಲ್ಲವೆಂದಲ್ಲ, ಆ ಗಳಿಗೆಯಲ್ಲಿ ಕೈ ಅಲ್ಲಿಗೆ ಹೋಗಲಿಲ್ಲ. ಕೊಳದಲ್ಲಿ ಅಭ್ಯಾಸ ಮಾಡಲು ಇದಕ್ಕಿಂತ ಅಗ್ಗದ ವಿದ್ಯೆ ಇಲ್ಲ. ಆಳದಿಂದ ಮೇಲೆ ಓಡಿಬರುವುದನ್ನು ಮಾತ್ರ ಸ್ನೇಹಿತರ ಜೊತೆ ಸೇರಿ ಅಭ್ಯಾಸ ಮಾಡಕೂಡದು. ಅದು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗ, ಅವರು ಹೇಳಿದ ಆಳದೊಳಗೆ, ಅವರು ಹೇಳಿದಷ್ಟೇ ಸಲ ಆಗಬೇಕಾದ ಕೆಲಸ.

ಮೊದಲ ಸಲ ಕುತೂಹಲಕ್ಕೆಂದು ಮುಳುಗಲು ಹೊರಟ ಓದುಗರಿಗೂ ಒಂದು ಮಾತು. ಅರ್ಧ ಗಂಟೆಯ ವಿವರಣೆಯಲ್ಲಿ ಎಲ್ಲವನ್ನೂ ಕಲಿಯಲಾಗದು. ಆದರೆ ಉಸಿರು ಹಿಡಿಯದಿರುವುದು, ಮಾಸ್ಕಿನ ನೀರು ತೆಗೆಯುವುದು, "ಗಾಳಿ ಇಲ್ಲ" ಎಂದು ಕುತ್ತಿಗೆಯ ಬಳಿ ಅಂಗೈ ಅಡ್ಡ ಬೀಸುವ ಸನ್ನೆ, ಇಷ್ಟನ್ನಾದರೂ ಸೊಂಟದುದ್ದದ ನೀರಿನಲ್ಲಿ ಮಾಡಿ ತೋರಿಸಿದ ಮೇಲೆಯೇ ಆಳಕ್ಕೆ ಇಳಿಯಿರಿ. ಸಮಯವಿಲ್ಲ, ಫೋಟೊ ಮೊದಲು ಎಂದು ಅವಸರ ಮಾಡುವವರ ದೋಣಿ ಹತ್ತಬೇಡಿ.